ಪೊರ್ಟೀನ ಹಾಕಿದ ದೋಸೆ

ಮೂವತ್ತು ದೋಸೆಗೆ ಎಷ್ಟು ಬೇಕಾದೀತು ಎಂದು ಮನಸ್ಸಿನಲ್ಲೇ ಎಣಿಸುತ್ತ ನಡೆದಿದ್ದ ಸಿದರಾಯ, ಎಣಿಕೆ ಮುಗಿಯುವ ಮೊದಲೇ ಗುಡುಸಾಬನ ಅಂಗಡಿಯನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದ. ತಿರುಗಿ ಬರಬೇಕಾಯಿತು. ತಿರುಗಿದ್ದನ್ನು ಯಾರಾದರೂ ಕಂಡರೇ ಎಂದು ಆಚೀಚೆ ನೋಡಿದ. ಹಾಗೆ ನೋಡುವುದರಿಂದಲೇ ಇಲ್ಲದ ಅನುಮಾನ ಹುಟ್ಟುತ್ತದೆ ಎನ್ನಿಸಿ, ಚಪ್ಪಲಿಯ ಉಂಗುಟ ಸರಿಪಡಿಸುವವನ ಹಾಗೆ ಬಗ್ಗಿದ. ಉಂಗುಟ ಸರಿಯಾಗಿಯೇ ಇತ್ತು. ಆರು ದೋಸೆಗೆ ಎರಡು. ಮೂವತ್ತಕ್ಕೆ ಹತ್ತು. ಐದು ತಿಂಗಳಲ್ಲಿ ಅವನು ಒಂದು ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ಒಯ್ದವನಲ್ಲ. ಇವತ್ತು ಹತ್ತು ಎಂದು ಬಾಯಿಬಿಟ್ಟು ಹೇಳಬೇಕು. ಬೆಳಗಿನ ಏಳು ಗಂಟೆಗೇ ನಿಪ್ಪಾಣಿಯ ಓಣಿಗಳಲ್ಲಿ ತಂಬಾಕಿನ ಘಾಟು ಇಳಿದಿತ್ತು. ತಂಬಾಕು ತುಂಬಿಡುವ ವಖಾರಕ್ಕೆ ಕೆಲಸಕ್ಕೆಂದು ಹೊರಟ ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡು ಅವನನ್ನು ದಾಟಿ ಹೋದರು. ಅವರಲ್ಲಿ ಒಬ್ಬಿಬ್ಬರ ಕೊರಳಲ್ಲಿ ತುಳಸಿಮಣಿಯ ಮಾಳ ಇತ್ತು. ಅವರು ಇವತ್ತು ಪಂಢರಪುರದ ಲಾರಿಯಲ್ಲಿ ಹೋಗುವವರೋ ಅಲ್ಲವೋ ತಿಳಿಯದೆ, ಯಾವುದಕ್ಕೂ ಇರಲಿ ಎಂದು ಅವನು ತಲೆ ತಗ್ಗಿಸಿದ.

ಎಲ್ಲ ಸೋನಾಬಾಯಿಯಿಂದ ಆದದ್ದು. ನಿನ್ನೆ ಸಂಜೆ ಕಟ್ಟೆಯ ಮೇಲೆ ಪಂಢರಪುರಕ್ಕೆ ಹೊರಟ ಹೆಂಗಸರೆಲ್ಲ ಸೇರಿ, ಯಾರ ಮನೆಯಿಂದ ಏನು ಬುತ್ತಿ ಎಂದು ಮಾತಾಡುವಾಗ, ಪಕ್ಕದ ಮನೆಯ ಸೋನಾಬಾಯಿ ಕೈ ಎತ್ತಿ ಹೇಳಿದ್ದಳು: "ಅಗ ಬಾಯೀ, ರುಕ್ಮವ್ವನ ಸಿದಾ ಬೆಲ್ಲದ ದ್ವಾಸಿ ಮಾಡತಾನಲ್ಲ, ಅವನ್ನ ಮಾಡಸೂಣು! ಮೆತ್ತಗಂದ್ರ ಮೆತ್ತಗ, ಥೇಟ ಕಾಪೂಸ, ಹತ್ತಿ ಇದ್ದಂಗ. ಕಣ್ಣಲೆ ನೋಡೇನಿ, ತಿಂದಿಲ್ಲ ಮತ್ತ. ಮುದಿಕಿ ಒಂದ ತುಂಡ ಸುದ್ದಾ ಕೊಡಂಗಿಲ್ಲ, ಎಲ್ಲಾ ತಾನ ನುಂಗತಾಳ. ಅದರಾಗ ಅಂವಾ ದವಾಖಾನೀದು ಏನೋ ಪೊರ್ಟೀನ ಹಾಕತಾನ." ಹೆಂಗಸರು ನಕ್ಕರು. ಹನ್ನೊಂದು ಮಂದಿ, ಎಲ್ಲರೂ ಮಾಳಕರಿಗಳು. ವಿಠ್ಠಲನ ಹೆಸರಿನಲ್ಲಿ ಕೊರಳಿಗೆ ಮಾಳ ಹಾಕಿಕೊಂಡ ದಿನದಿಂದ ಮಾಂಸ ಮುಟ್ಟದವರು, ತತ್ತಿ ಮುಟ್ಟದವರು. ಸಿದರಾಯ ಏನಾದರೂ ಹೇಳಬೇಕಿತ್ತು. ಆಫೀಸು ಇದೆ ಎನ್ನಬಹುದಿತ್ತು, ಸೀಮೆಎಣ್ಣೆ ಇಲ್ಲ ಎನ್ನಬಹುದಿತ್ತು. ಅವನು ಹೇಳಿದ್ದು "ಆತಲ್ಲ, ಅದಕ್ಕೇನ" ಎಂದು. ಅವ್ವ ರುಕ್ಮವ್ವ ಅವನನ್ನು ಒಮ್ಮೆ ನೋಡಿ, ಮತ್ತೆ ಕಾಲು ಒತ್ತಿಕೊಳ್ಳತೊಡಗಿದಳು. ಮಗನ ಬಗ್ಗೆ ಹೆಮ್ಮೆ ಇರಬೇಕು ಎಂದುಕೊಂಡ.

ಪ್ರೊಟೀನ್ ಎಂಬ ಮಾತು ಸುಳ್ಳಾಗಿರಲಿಲ್ಲ. ಆ ಮಾತನ್ನು ಆರಿಸಿಕೊಳ್ಳಲು ಅವನು ಒಂದು ರಾತ್ರಿ ಒಂದು ಹಗಲು ತೆಗೆದುಕೊಂಡಿದ್ದ. ಮಾಘದಲ್ಲಿ ಅವ್ವ ಕಾಮಾಲೆಯಿಂದ ಎದ್ದಾಗ ಮೊಣಕಾಲ ಚಿಪ್ಪು ಅವಳ ತೊಡೆಗಿಂತ ದಪ್ಪವಾಗಿತ್ತು. ಹಾಲು ಕುಡಿದರೆ ಕಕ್ಕುತ್ತಿದ್ದಳು. ದವಾಖಾನೆಯ ಡಾಕ್ಟರು ಚೀಟಿ ಬರೆಯುತ್ತ, ಮೈಯಲ್ಲಿ ಪ್ರೊಟೀನ್ ಉಳಿದಿಲ್ಲ, ದಿನಾ ಎರಡು ತತ್ತಿ ತಿನ್ನಿಸಿರಿ ಎಂದರು. "ಅವ್ವ ಮಾಳದಾಕಿ ಅದಾಳ್ರಿ" ಎಂದ ಸಿದರಾಯ. ಡಾಕ್ಟರು ತಲೆ ಎತ್ತದೆಯೇ, "ಮಾಳಾ ಉಳೀಬೇಕೋ ಅವ್ವ ಉಳೀಬೇಕೋ, ಮನ್ಯಾಗ ಹೋಗಿ ವಿಚಾರ ಮಾಡ್ರಿ" ಎಂದುಬಿಟ್ಟರು. ಸಾಲಿನಲ್ಲಿ ನಿಂತವರು ನಕ್ಕಿದ್ದರು. ಆ ನಗೆ ಬಸ್‌ಸ್ಟ್ಯಾಂಡಿನ ತನಕ ಅವನ ಹಿಂದೆಯೇ ಬಂದಿತ್ತು. ಮರುದಿನ ಗೋಧಿಹಿಟ್ಟು, ಬೆಲ್ಲದ ನೀರು, ಚಿಟಿಕೆ ಉಪ್ಪು, ವಾಸನೆ ಮುಚ್ಚಲು ಮೂರು ಯಾಲಕ್ಕಿ, ಮತ್ತು ಅದು. ಬಾಗಿಲ ಚಿಲಕ ಹಾಕಿ ಕಲಸಿದ. ಹಂಚಿನ ಮೇಲೆ ಹಿಟ್ಟು ಉಬ್ಬಿದ್ದನ್ನು ಕಂಡು ಅವನಿಗೇ ಗಾಬರಿಯಾಯಿತು. ಯಾವ ದೋಸೆಯೂ ಅವನ ಮನೆಯಲ್ಲಿ ಹಾಗೆ ಉಬ್ಬಿದ್ದಿಲ್ಲ. ಅವ್ವ ಮುರಿದು ಬಾಯಿಗಿಟ್ಟುಕೊಂಡಳು. ಅಗಿದಳು. ನುಂಗಿದಳು. ನುಂಗುವಾಗ ಕೊರಳಿನ ಮಣಿಗಳೆಲ್ಲ ಒಮ್ಮೆ ಮೇಲೆದ್ದು ಕೆಳಗಿಳಿದವು. "ಏನ ಹಾಕಿದೀಯೋ ಇದಕ್ಕ?" ಎಂದಳು. "ಪ್ರೊಟೀನ್" ಎಂದ. ಅದು ಅವಳ ಬಾಯಲ್ಲಿ ಪೊರ್ಟೀನ ಆಯಿತು, ಸೋನಾಬಾಯಿಯ ಬಾಯಿಗೂ ಹೋಯಿತು. ಆವತ್ತಿನಿಂದ ಯಾರು ನುಂಗಿದರೂ ಅವನು ಅವರ ಕೊರಳನ್ನೇ ನೋಡುವಂತಾದ. ವಖಾರದ ಮಾಲಕರು ಚಹಾ ಕುಡಿಯುವಾಗ, ಬಸ್ಸಿನಲ್ಲಿ ಎದುರಿಗೆ ಕೂತವರು ಉಗುಳು ನುಂಗುವಾಗ, ಅಲ್ಲಿ ಮಣಿಗಳು ಇಲ್ಲದಿದ್ದರೂ ಮೇಲೆದ್ದು ಕೆಳಗಿಳಿಯುತ್ತಿದ್ದವು.

ಸಿಪ್ಪೆಗಳದೊಂದು ಬೇರೆ ಕಥೆ. ಮನೆಯ ಮುಂದೆ ಎಸೆಯುವಂತಿಲ್ಲ. ಕಾಗದದಲ್ಲಿ ಸುತ್ತಿ, ಪುಡಿಮಾಡಿ, ಊಟದ ಡಬ್ಬಿಯ ಮೇಲಿಟ್ಟುಕೊಂಡು ತಾನು ಕಾರಕೂನನಾಗಿರುವ ವಖಾರಕ್ಕೆ ಒಯ್ದು ಹಿಂದಿನ ಗಟಾರಕ್ಕೆ ಸುರಿಯುತ್ತಿದ್ದ. ಒಂದು ದಿನ ಜವಾನ ದಶರಥ ಅಲ್ಲೇ ನಿಂತು ಬೀಡಿ ಸೇದುತ್ತಿದ್ದವನು, "ಏನ್ರಿ ಸಿದರಾಯಪ್ಪ, ಕಳುವಿಲೆ ಖುರಾಕ ನಡದೈತಿ? ಮನ್ಯಾಗ ಅವ್ವ ಮಾಳದಾಕಿ, ಮಗಾ ತತ್ತಿ ಪಹಿಲವಾನ!" ಎಂದ. ಆಫೀಸಿನಲ್ಲಿ ಆ ಹೆಸರೇ ನಿಂತಿತು. ಏಳನೆಯ ವಯಸ್ಸಿನಿಂದ ತತ್ತಿ ತಿನ್ನದ ಅವನು ಆ ಹೆಸರನ್ನು ಹಾಗೆಯೇ ಇಟ್ಟುಕೊಂಡ. ಅಲ್ಲ ಎನ್ನಬೇಕಾದರೆ ಯಾರು ತಿನ್ನುತ್ತಾರೆಂದು ಹೇಳಬೇಕಾಗುತ್ತಿತ್ತು.

"ಬರ್ರಿ ಕಾರಕೂನ್ರ," ಎಂದ ಗುಡುಸಾಬ. ಉಳ್ಳಾಗಡ್ಡಿಯ ಬುಟ್ಟಿಗಳ ನಡುವೆ ಕೂತು ಬೆಳ್ಳುಳ್ಳಿಯ ಹೊಟ್ಟು ಊದುತ್ತಿದ್ದ. ಮುದುಕ, ಗಿರಾಕಿಯ ಮಾನ ಕಾಯುವುದು ಅವನಿಗೆ ವ್ಯಾಪಾರದ ಒಂದು ಭಾಗ. ತತ್ತಿ ಎಂಬ ಮಾತನ್ನೇ ಎತ್ತದೆ ಬಿಳಿ ಬಟಾಟಿ ಎನ್ನುತ್ತಿದ್ದ. "ಬಿಳಿ ಬಟಾಟಿ ಎರಡ?"

"ಹತ್ತು."

"ಹತ್ತ! ಯಾಕ್ರಿ, ಅವ್ವನ್ನ ಕುಸ್ತಿಗೆ ಇಳಸತೀರೇನ?"

ನಗಬೇಕಿತ್ತು. ಸಿದರಾಯ ನಕ್ಕ. ನಕ್ಕ ಮೇಲೆ, ಕೇಳದಿದ್ದರೂ ವಿವರ ಕೊಡುವ ತನ್ನ ಹಳೆಯ ಚಟಕ್ಕೆ ಬಿದ್ದು ಹೇಳಿಬಿಟ್ಟ: "ಅವ್ವ ಪಂಢರಪುರಕ್ಕ ಹೊಂಟಾಳ ಚಾಚಾ. ನಾಕರ ಲಾರಿಗೆ. ಬುತ್ತಿಗೆ ಬೇಕಾಗಿತ್ತು."

ಕಾಗದ ಹರಿಯುತ್ತಿದ್ದ ಗುಡುಸಾಬನ ಕೈ ನಿಂತಿತು. "ಬುತ್ತಿ ಅಂದ್ರ, ಒಬ್ಬಾಕಿಗೆ ಹತ್ತ?"

"ಓಣ್ಯಾಗಿನ ಹೆಣ್ಮಕ್ಕಳೂ ಅದಾರ. ಹನ್ನೊಂದ ಮಂದಿ."

"ಎಲ್ಲಾರೂ ಮಾಳದವ್ರ?"

ಸಿದರಾಯ ಉಳ್ಳಾಗಡ್ಡಿಯೊಂದನ್ನು ಎತ್ತಿ, ಕೊಳೆತಿದೆಯೇ ಎಂದು ಒತ್ತಿ ನೋಡಿ, ಮತ್ತೆ ಇಟ್ಟ. ಗುಡುಸಾಬ ಹರಿದ ಕಾಗದವನ್ನು ಮಡಿಚಿ ತೊಡೆಯ ಕೆಳಗೆ ಸೇರಿಸಿದ. ಮಾತಿನಲ್ಲಿ ಇದ್ದ ರೀ ಎಂಬುದನ್ನು ಬಿಟ್ಟಿದ್ದ.

"ನೋಡಪಾ ಸಿದರಾಯ. ನಿಮ್ಮವ್ವಗ ಬ್ಯಾನಿ ಇತ್ತು. ಔಷಧಾ ಅಂತ ನೀ ಒಯ್ದಿ, ಔಷಧಾ ಅಂತ ನಾ ಕೊಟ್ಟೆ. ಮ್ಯಾಲ ಕೇಳಾಂವ ಕೇಳಿದ್ರ ಜವಾಬ ಕೊಡತೀನಿ. ಈ ಹನ್ನೊಂದ ಮಂದಿಗೆ ಏನ ಬ್ಯಾನಿ ಐತಿ?"

"ಹಾಕದಿದ್ರ ಮೊದಲಿನಂಗ ಆಗೂದಿಲ್ಲ. ಯಾಕ ಆಗಿಲ್ಲ ಅಂತ ಕೇಳತಾರ. ಎಲ್ಲಾರ ಮುಂದ ಅವ್ವ ಕೇಳತಾಳ."

"ಕೇಳ್ಲಿ. ಸುಳ್ಳ ಹೇಳೂದು ನಿನಗೇನ ಹೊಸಾದ?" ಮುದುಕ ಕೂಗಲಿಲ್ಲ, ಬೆಳ್ಳುಳ್ಳಿಯ ಬೆಲೆ ಹೇಳುವ ದನಿಯಲ್ಲೇ ಹೇಳಿದ. "ಇವತ್ತ ನನ್ನ ಅಂಗಡ್ಯಾಗ ಬಿಳಿ ಬಟಾಟಿ ತೀರ್ಯಾವ. ಖರೇ ಬಟಾಟಿ ಅದಾವ. ಅರ್ಧಾ ಕಿಲೋ ಕಟ್ಟಲಿ?"

ಬೇಡ ಎನ್ನಲು ಆಗಲಿಲ್ಲ. ಬಟಾಟಿಯ ಚೀಲ ಹಿಡಿದು ವಾಪಸು ನಡೆಯುವಾಗ ಕಿವಿ ಸುಡುತ್ತಿತ್ತು. ಸಂಜೆ ಶಾಲೆಯಲ್ಲಿ ಮೂರು ವರ್ಷ ಕೂತು ಮೆಟ್ರಿಕ್ ಮಾಡಿಕೊಂಡವನು ಅವನು. ಹಗಲು ದುಡಿದು ಬಂದವರ ಬೆವರಿನ ನಡುವೆ ನೀತಿಯ ಪಾಠಗಳನ್ನು ಪೂರ್ತಿ ನಂಬಿ ಓದಿದವನು ತಾನೊಬ್ಬನೇ ಇರಬೇಕು ಎಂದು ಅವನಿಗೆ ಅನ್ನಿಸುತ್ತಿತ್ತು. ಆ ನೀತಿಯನ್ನೇ ಹಿಡಿದು ಅವನು ಈ ಐದು ತಿಂಗಳಿಗೆ ಒಂದು ತರ್ಕ ಕಟ್ಟಿಕೊಂಡಿದ್ದ. ಹರಕೆ ಹೊತ್ತವರು ತಿಳಿದು ಮುರಿದರೆ ಮಾತ್ರ ಹರಕೆ ಮುರಿಯುತ್ತದೆ. ಅವ್ವನಿಗೆ ತಿಳಿದಿಲ್ಲ. ಆದ್ದರಿಂದ ಮಾಳ ಮುರಿದಿಲ್ಲ, ಪಾಪವೇನಿದ್ದರೂ ತಿನ್ನಿಸಿದವನದು. ಆದ್ದರಿಂದ ಅವಳಿಗೆ ತಿಳಿಯಬಾರದು. ಈ ಕೊನೆಯ ಮಾತಿಗೆ ಬಂದಾಗಲೆಲ್ಲ ಅವನಿಗೆ ತನ್ನ ಮೇಲೆಯೇ ಒಂದು ಹೇಸಿಗೆ ಹುಟ್ಟುತ್ತಿತ್ತು. ಅವಳ ಪುಣ್ಯಕ್ಕಾಗಿ ತಿಳಿಯಬಾರದೋ, ತನಗಾಗಿಯೋ? ಏಕೆಂದರೆ ಆ ಮಾಳ ಅವನದೇ. ಹುಟ್ಟೂರು ಕರೋಶಿಯಲ್ಲಿ ಅವನಿಗೆ ಏಳು ವರ್ಷವಾಗಿದ್ದಾಗ ಮುದ್ದತಿ ಜ್ವರ ಬಂದು ಇಪ್ಪತ್ತೊಂದು ದಿನ ಇಳಿಯದೆ, ಕಂಬಳಿಯ ಮೇಲೆ ಹುಡುಗ ಇದ್ದಾನೋ ಇಲ್ಲವೋ ಎನ್ನುವಂತಾಗಿದ್ದಾಗ, ರುಕ್ಮವ್ವ ಕೀರ್ತನೆ ಹೇಳುವ ಬುವಾನ ಕಡೆ ಹೋಗಿ ಮಾಳ ಹಾಕಿಸಿಕೊಂಡಳು. ಮಗ ಉಳಿಯಲಿ, ಬಾಯಿ ಕಟ್ಟುತ್ತೇನೆ ಎಂದಳು. ಅದೇ ಸಂಜೆ ಮನೆಯ ಕೋಳಿಗಳನ್ನೆಲ್ಲ ಬುಟ್ಟಿ ಬುಟ್ಟಿಯಾಗಿ ಕೊಟ್ಟುಬಿಟ್ಟಳು. ಜ್ವರ ಬಿಟ್ಟಿತು. ಇದನ್ನು ಅವನು ನೆನಪಿಟ್ಟುಕೊಂಡದ್ದಲ್ಲ. ಊರು ಅವನಿಗೆ ಕಲಿಸಿದ್ದು. "ರುಕ್ಮವ್ವನ ಮಾಳದ ಮಗಾ" ಎಂದೇ ಕರೆಯುತ್ತಿದ್ದರು. ಮಾವಿನ ಗಿಡದಿಂದ ಬಿದ್ದು ಏಳುವಾಗ, ಅಪ್ಪ ಭೀಮಸಿ ಸತ್ತ ವರ್ಷ, ನಿಪ್ಪಾಣಿಗೆ ಬಂದ ವರ್ಷ, ಎಲ್ಲರೂ ಮೊದಲು ಅವ್ವನ ಕೊರಳು ನೋಡಿ ಆಮೇಲೆ ಅವನನ್ನು ನೋಡುತ್ತಿದ್ದರು. ಊರಿನ ಉಳಿದ ಮಕ್ಕಳು ಹುಟ್ಟಿ ಬದುಕಿದವರು. ತಾನು ಮಾತ್ರ ಕೊಟ್ಟ ಮಾತಿನ ಮೇಲೆ ಬದುಕಿರುವವನು. ಮಾತು ಇರುವ ತನಕ ಇರುವವನು.

ಮನೆಗೆ ಬಂದಾಗ ಅವ್ವ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಸ್ಟೋವಿನ ಪಕ್ಕದಲ್ಲಿ ಕೂತಿದ್ದಳು. ಈ ಐದು ತಿಂಗಳು ಅವನು ದೋಸೆ ಮಾಡುವಾಗ ಅವಳು ಹೊರಗಿನ ಕೋಣೆ ಬಿಟ್ಟು ಎದ್ದವಳಲ್ಲ.

"ನೀ ಯಾಕ ಇಲ್ಲಿ? ಹೊಗಿ ಆಗತೈತಿ, ಹೊರಗ ಕುಂಡ್ರು."

"ಇರಲಿ. ಇವತ್ತ ನಾನೂ ಕುಂಡ್ರತೀನಿ. ಮೂವತ್ತ ಮಾಡಬೇಕಲ್ಲ, ಬೇಸರಾದೀತು ನಿನಗ."

ಜೋಳದ ಡಬ್ಬಿಯಲ್ಲಿ, ಕಾಳಿನೊಳಗೆ ಮೊಣಕೈಯುದ್ದ ಕೆಳಗೆ, ನಿನ್ನೆಯ ಎರಡು ಉಳಿದಿದ್ದವು. ದಾರಿಯುದ್ದಕ್ಕೂ ಅವನು ಅವುಗಳ ಬಗ್ಗೆಯೇ ಯೋಚಿಸಿದ್ದ. ಎರಡನ್ನೇ ಮೂವತ್ತಕ್ಕೆ ಹಾಕಿದರೆ ಸ್ವಲ್ಪವಾದರೂ ಉಬ್ಬೀತು. ಎರಡನ್ನು ಹನ್ನೊಂದು ಮಂದಿಗೆ ಭಾಗಿಸಿದರೆ ಒಬ್ಬೊಬ್ಬರ ಪಾಲಿಗೆ ಬರುವ ದೋಷ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಸಂಜೆ ಶಾಲೆಯ ಭಿನ್ನರಾಶಿ ಇಲ್ಲಿಗೆ ಬಂದು ನಿಂತಿತಲ್ಲ ಎಂದು ನಾಚಿಕೆಯಾಗಿತ್ತು. ಆದರೂ ಲೆಕ್ಕ ಬಿಟ್ಟಿರಲಿಲ್ಲ. ಈಗ ಡಬ್ಬಿ ಅವ್ವನ ಬೆನ್ನ ಹಿಂದೆಯೇ ಇತ್ತು. ಅವಳು ಅದಕ್ಕೆ ಒರಗಿ ಕೂತಿದ್ದಳು.

ಹಿಟ್ಟು ಕಲಸಿದ. ಬೆಲ್ಲದ ನೀರು ಸುರಿದ. ಅಭ್ಯಾಸದಂತೆ ಯಾಲಕ್ಕಿ ಕುಟ್ಟಲು ಹೋದವನು, ಮುಚ್ಚಬೇಕಾದ್ದು ಏನೂ ಇಲ್ಲವಲ್ಲ ಎಂದು ಕೈ ತಡೆದ. ಹಾಕದಿದ್ದರೆ ಯಾಕೆ ಹಾಕಲಿಲ್ಲ ಎಂದು ಕೇಳಿಯಾಳು ಎಂದು ಮತ್ತೆ ಕುಟ್ಟಿದ. ಮೊದಲನೆಯ ದೋಸೆ ಹಂಚಿಗೆ ಕಚ್ಚಿಕೊಂಡಿತು. ಎರಡನೆಯದು ನಡುವೆ ಹರಿಯಿತು. ಮೂರನೆಯದನ್ನು ಎತ್ತುವಾಗ ಸಟ್ಟುಗದ ಮೇಲೆ ಅದು ಒದ್ದೆ ಅರಿವೆಯಂತೆ ಮುದ್ದೆಯಾಗಿ ಬಿತ್ತು. ಅವ್ವ ಚೀಲಕ್ಕೆ ಕೈ ಹಾಕಿ ಒಂದು ಬಟಾಟಿ ತೆಗೆದು, ಈಳಿಗೆಯ ಮೇಲೆ ಎರಡು ಹೋಳು ಮಾಡಿ, ಒಂದನ್ನು ಅವನ ಕೈಗಿಟ್ಟಳು.

"ಎಣ್ಣ್ಯಾಗ ಅದ್ದಿ ಹಂಚಿಗೆ ತಿಕ್ಕು. ಕಚ್ಚೂದಿಲ್ಲ. ಮತ್ತ ನಾಗೊಂದಿಗಿ ಮ್ಯಾಲ ಬಾಳಿಹಣ್ಣ ಅದಾವ ನೋಡು. ನಾಕ ತಗದು ಕಿವಚಿ ಹಿಟ್ಟಿಗೆ ಹಾಕು. ಮೆತ್ತಗ ಆಗತಾವ."

"ಬಾಳಿಹಣ್ಣ?"

"ಹಾಕಪಾ. ನಾ ಹೇಳತೀನಲ್ಲ."

ಹಾಕಿದ. ನಾಲ್ಕನೆಯದು ಹಂಚನ್ನು ಬಿಟ್ಟು ಬಂತು. ಕಂದು ಬಣ್ಣದ್ದು, ಅಂಚು ಗರಿಯಾಗಿ, ನಡುವೆ ಮೆತ್ತಗೆ. ಮೊದಲಿನ ಹಾಗೆ ಉಬ್ಬಲಿಲ್ಲ. ಆದರೆ ದೋಸೆಯಾಯಿತು. ಐದು, ಆರು, ಏಳು. ಅವ್ವ ಒಂದೊಂದನ್ನೇ ಬಟ್ಟೆಯ ಮೇಲೆ ಹರವಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಇಬ್ಬರೂ ಹದಿನೆಂಟರ ತನಕ ಬಂದಿದ್ದಾಗ ಹಿತ್ತಿಲ ಬಾಗಿಲಿನಿಂದ ಸೋನಾಬಾಯಿ ತಲೆ ತೂರಿಸಿದಳು.

"ಕಾಯ ರೇ ಸಿದಾ, ಆತ? ಅಗ ಬಾಯೀ, ಏನ ಘಮಾ! ಬಾಳಿಹಣ್ಣಿನ ವಾಸನಿ ಬರಾಕತ್ತೈತಲ್ಲ. ಪೊರ್ಟೀನ ಹಾಕಿದಿಲ್ಲೋ?"

ಅವ್ವ ಗಾಳಿ ಹಾಕುವುದನ್ನು ನಿಲ್ಲಿಸದೆಯೇ ಹೇಳಿದಳು: "ಅದ ಪೊರ್ಟೀನ. ಬಾಳಿಹಣ್ಣಿಗೆ ಡಾಕ್ಟರ ಮಂದಿ ಹಂಗ ಅಂತಾರ."

"ಹತ್ತೇರಿಕಿ! ಐದ ತಿಂಗಳಾತು, ಒಂದ ಬಾಳಿಹಣ್ಣಿಗೆ ಓಣಿ ತುಂಬ ಡಂಗುರಾ ಸಾರಿದೆವಲ್ಲ!" ಸೋನಾಬಾಯಿ ಹಣೆ ಬಡಿದುಕೊಂಡು ನಕ್ಕು, ಹರಿದ ದೋಸೆಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಹೋದಳು. ಅವ್ವ ಅವಳ ಕೈಯನ್ನು ತಡೆಯಲಿಲ್ಲ. ಐದು ತಿಂಗಳು ಒಂದು ತುಂಡನ್ನೂ ಕೊಡದಿದ್ದವಳು. ಆ ಜಿಪುಣತನಕ್ಕೆ ತಾನು ಒಳಗೊಳಗೇ ನಾಚುತ್ತಿದ್ದೆನಲ್ಲ, ಮುಪ್ಪಿನಲ್ಲಿ ಅವ್ವನಿಗೆ ನಾಲಿಗೆಯ ಆಸೆ ಬಂತಲ್ಲ ಎಂದು. ಸಿದರಾಯ ಸಟ್ಟುಗ ಹಿಡಿದು ನಿಂತ. ಅಡುಗೆಮನೆ ಎಲ್ಲ ಇದ್ದ ಹಾಗೆಯೇ ಇದ್ದು, ಎಲ್ಲ ಒಂದು ಗೇಣು ಪಕ್ಕಕ್ಕೆ ಸರಿದಂತೆ ಕಂಡಿತು.

"ಮೂವತ್ತ ಆದಮ್ಯಾಲ," ಎಂದಳು ಅವ್ವ, ಅವನ ಕಡೆ ನೋಡದೆ, "ಬೋಗಾಣಿ ತೊಳದು, ಜ್ವಾಳದ ಡಬ್ಬ್ಯಾಗಿನ ಎರಡನ್ನ ನನಗ ಬ್ಯಾರೆ ಮಾಡು. ತಿಂದ ಹೋಗತೀನಿ. ದಾರಿ ದೂರ ಐತಿ."

ಅವನು ಸಟ್ಟುಗ ಕೆಳಗಿಟ್ಟು ಕೇಳಿದ, "ಯಾವಾಗ ಗೊತ್ತಾತು?"

"ಮೊದಲನೇ ದಿನಾ. ಇಪ್ಪತ್ತ ಕೋಳಿ ಸಾಕಿದಾಕಿ ನಾ. ಮೂರ ಯಾಲಕ್ಕಿಗೆ ಆ ವಾಸನಿ ಹೋಗತೈತೇನೋ ಹುಚ್ಚಪ್ಪಾ?"

"ಮತ್ತ ಯಾಕ ತಿಂದಿ?"

"ಬ್ಯಾಡ ಅಂದಿದ್ರ ಅಲ್ಲೇ ಕುಂತ ಅಳತಿದ್ದಿ. ನಿನ್ನ ಮುಖಾ ಹಂಗ ಆಗಿತ್ತು."

ಮೂವತ್ತೇಳು ವರ್ಷದ ಸಿದರಾಯ, ಅಳುವುದಿಲ್ಲ ಎಂದು ತೋರಿಸಲಿಕ್ಕೆ ಎಂಬಂತೆ, ಹಂಚಿನ ಮೇಲೆ ಹಿಟ್ಟು ಸುರಿದ. "ಅವ್ವಾ, ಮಾಳಾ... ತಿಳದ ಮುರದಿ ಅಂದ್ರ..."

"ಮಾಳಾ ಈಗ ಮುರದದ್ದಲ್ಲ ಸಿದಾ." ಅವಳು ಗಾಳಿ ಹಾಕುವುದನ್ನು ನಿಲ್ಲಿಸಿದಳು. "ಕರೋಶ್ಯಾಗ ಮುರದದ್ದು. ನೀ ಹಾಸಿಗ್ಯಾಗ ಇದ್ದಿ. ಮಾಳಾ ಹಾಕ್ಕೊಂಡ ನಾಕ ದಿನಾ ಆಗಿತ್ತು, ಕೋಳಿ ಎಲ್ಲಾ ಕೊಟ್ಟಿದ್ದೆ. ಒಂದ ಯಾಂಟಿ ಕೋಳಿ ಎಲ್ಲಿ ತಪ್ಪಿಸ್ಕೊಂಡಿತ್ತೋ ಏನೋ, ತಿರಿಗಿ ಬಂದು ಕಟಗಿ ಸಂದ್ಯಾಗ ತತ್ತಿ ಇಟ್ಟಿತ್ತು. ನಿನಗ ಕುದಿಸಿದೆ. ಮಾಳಾ ನಂದು, ಹುಡಗಂದಲ್ಲಲ್ಲ ಅಂತ ಹೇಳಿ. ನೀ ಬಾಯಿ ತಗೀಲಿಲ್ಲ. ಹಲ್ಲ ಕಚ್ಚಿ ಮಲಗಿದ್ದಿ. ನಾ ನಾಕ ದಿನಾ ನೀರ ಬಿಟ್ಟ ಏನೂ ತಗೊಂಡಿರಲಿಲ್ಲ. ಸುಲದ ತತ್ತಿ ಕೈಯಾಗ ಬಿಸಿ ಇತ್ತು. ನಿಂತಲ್ಲೇ ತಿಂದೆ. ಉಪ್ಪ ಸುದ್ದಾ ಹಾಕ್ಕೊಳ್ಳಿಲ್ಲ."

ಅವಳು ಬಟ್ಟೆಯ ಮೇಲಿನ ದೋಸೆಯೊಂದನ್ನು ತಿರುವಿ ಹಾಕಿದಳು.

"ತಿಂದಮ್ಯಾಲ ತಿಳೀತು ಏನ ಮಾಡಿದೆ ಅಂತ. ನಿನ್ನ ಎದಿ ಮ್ಯಾಲ ಕೈ ಇಟಗೊಂಡ ಕುಂತೆ. ಈಗ ಹೋಗತಾನ, ಈಗ ಹೋಗತಾನ ಅಂತ. ಬೆಳಗ ಆತು. ಜ್ವರಾ ಇಳದಿತ್ತು. ನೀ ಕಣ್ಣ ತಗದು ಗಂಜಿ ಕೇಳಿದಿ. ಬುವಾ ಬಂದಾಂವ ನಿನ್ನ ನೋಡಿ ನನ್ನ ಕಾಲ ಮುಟ್ಟಿದ. ಊರ ಮಂದಿ ಬಂದ ಮುಟ್ಟಿದ್ರು. ಏನಂತ ಹೇಳಲಿ ಅವರಿಗೆ?"

"ಎಲ್ಲಾರೂ ನಾ ಮಾಳದಿಂದ ಉಳದೇನಿ ಅಂತಿದ್ರು. ನಾನೂ ಅಂತಿದ್ದೆ."

"ಅಂತಿದ್ರು. ನಾ ಅನ್ನಾಕ ಬಿಟ್ಟೆ."

"ಮೂವತ್ತ ವರ್ಷ?"

"ಮೂವತ್ತ ವರ್ಷ ನೀ ಹೊಸ್ತಲಾ ದಾಟಿದಾಗೆಲ್ಲ ನನ್ನ ಕೈ ಆ ಎದಿ ಮ್ಯಾಲ ಇತ್ತು. ಪಂಢರಪುರಕ್ಕ ವರ್ಷಾ ಯಾಕ ಹೋಗತೀನಿ ಅಂತ ತಿಳದಿ? ಮಂದಿ ಬೇಡ್ಕೊಳ್ಳಾಕ ಹೋಗತಾರ. ನಾ ಹೋಗಿ ತಿಂದೆ ಅಂತ ಹೇಳಿ ಬರತೀನಿ. ಕೇಳತಾನ, ಸುಮ್ನಿರತಾನ. ಈ ವರ್ಷ ಪೊರ್ಟೀನ ಅಂತಾನೂ ಹೇಳತೀನಿ." ಅವಳ ತುಟಿಯಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. "ನನ್ನ ಬಾಯಿ ಕೆಟ್ಟದ್ದು ಕೆಟ್ಟೈತಿ. ಮಂದಿ ಬಾಯಿ ಮಂದೀದು. ಅದಕ್ಕ ಡಬ್ಬಿಗೆ ಆತಗೊಂಡ ಕುಂತೆ."

ಅವನಿಗೆ ಕೇಳಬೇಕಾದ್ದು ಒಂದೇ ಇತ್ತು. ಅದನ್ನು ಕೇಳುವಾಗ ತಾನು ಏಳು ವರ್ಷದವನ ದನಿಯಲ್ಲಿ ಕೇಳುತ್ತಿದ್ದೇನೆ ಎನ್ನಿಸಿತು. "ಹಂಗಾದ್ರ ನಾ ಹ್ಯಾಂಗ ಉಳದೆ?"

ರುಕ್ಮವ್ವ ಬಹಳ ಪ್ರಾಮಾಣಿಕವಾಗಿ ಯೋಚಿಸಿದಳು. ಅವಳು ಈ ಪ್ರಶ್ನೆಯನ್ನು ಹೊಸದಾಗಿ ಕೇಳುತ್ತಿರುವವಳಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು.

"ಗೊತ್ತಿಲ್ಲಪಾ," ಎಂದಳು. "ಹಂಚ ಹೊತ್ತಾಕತ್ತೈತಿ, ನೋಡು."

ಮೂವತ್ತು ಮುಗಿಸಿ ಬೋಗಾಣಿ ತೊಳೆದು, ಎರಡನ್ನು ಅವಳ ಎದುರಿಗೇ ಒಡೆದ. ಚಿಲಕ ಹಾಕದ ಬಾಗಿಲಿನ ಒಳಗೆ ಅವು ಒಡೆಯುವ ಸದ್ದು ಇಷ್ಟು ಸಣ್ಣದೇ ಎಂದು ಆಶ್ಚರ್ಯವಾಯಿತು. ಯಾಲಕ್ಕಿ ಹಾಕಲಿಲ್ಲ. ಉಬ್ಬಿ ಬಂದ ದೋಸೆಯನ್ನು ಅವಳು ಅರ್ಧ ಮುರಿದು ಅವನ ಮುಂದೆ ಹಿಡಿದಳು. "ನೀನೂ ತಿನ್ನು. ಬಾಯಿ ಕಟ್ಟಗೊಂಡದ್ದು ಏನೈತಿ ನಿನಗ?" ತಿಂದ. ಮೂವತ್ತು ವರ್ಷ ಬಿಟ್ಟದ್ದರ ರುಚಿಗೆ ನಾಲಿಗೆ ಕಾದಿತ್ತು. ಬೆಲ್ಲದ ರುಚಿ ಬಿಟ್ಟು ಬೇರೇನೂ ಸಿಗಲಿಲ್ಲ. ಅವಳು ಉಳಿದದ್ದನ್ನು ಒಂದು ಚೂರೂ ಬಿಡದೆ ತಿಂದು ತಟ್ಟೆ ತೊಳೆದಿಟ್ಟಳು.

ಲಾರಿ ಹೆದ್ದಾರಿಯ ಆಚೆ ಬದಿಗೆ ನಿಂತಿತ್ತು. ಆಷಾಢದ ಜಿನುಗು ಮಳೆ; ತಾಡಪತ್ರಿಯ ಕೆಳಗೆ ಹೆಂಗಸರು ಈಗಾಗಲೇ ತಾಳ ತೆಗೆದು ಕೂತಿದ್ದರು. ಸಿದರಾಯ ಬುತ್ತಿಯ ಗಂಟು ಕೊಟ್ಟು, ಅವ್ವನ ಕಂಕುಳಿಗೆ ಕೈ ಹಾಕಿ ಎತ್ತಿದ. ಅವಳು ತೂಕವಾಗಿದ್ದಳು. ಐದು ತಿಂಗಳ ಹಿಂದೆ ದವಾಖಾನೆಯ ಮೆಟ್ಟಿಲ ಮೇಲೆ ಎತ್ತಿದ್ದಾಗ ಒಣಗಿದ ಕಡ್ಡಿಯ ಹೊರೆಯಂತಿದ್ದಳು. ಸೋನಾಬಾಯಿ ಮೇಲಿನಿಂದ ಎಳೆದುಕೊಂಡು, "ಏ ಮುದಿಕಿ, ಬಾಳಿಹಣ್ಣ ತಿಂದ ತಿಂದ ಎಮ್ಮಿ ಆಗೀದಿ!" ಎಂದಳು. ಎಲ್ಲರೂ ನಕ್ಕರು, ಅವ್ವ ಎಲ್ಲರಿಗಿಂತ ಹೆಚ್ಚು. ಲಾರಿ ಹೊರಟ ಮೇಲೆ ಅವಳ ಮುಖ ಹಲಗೆಯ ಮೇಲಿಂದ ಎದ್ದು ಏನೋ ಕೂಗಿತು. ತಾಳದ ಸದ್ದಿನಲ್ಲಿ "ಬಟಾಟಿ", "ಪಲ್ಯಾ" ಎಂಬೆರಡು ಮಾತು ಮಾತ್ರ ಕೇಳಿಸಿದವು. ಅವನು ಕೈ ಎತ್ತಿದ. ಲಾರಿ ಏರು ಹತ್ತಿ, ತಿರುವಿನಲ್ಲಿ ಮರೆಯಾಯಿತು.

ಮನೆಗೆ ಹೋಗಲು ರಸ್ತೆ ದಾಟಬೇಕಿತ್ತು. ಪುಣೆಯ ಕಡೆಯಿಂದ ಒಂದು ಟ್ರಕ್ಕು, ಅದರ ಹಿಂದೆ ಇನ್ನೊಂದು, ಬೆಳಗಾವಿಯ ಕಡೆಯಿಂದ ಕೆಂಪು ಬಸ್ಸು. ಸಿದರಾಯ ಒಂದು ಕಾಲನ್ನು ಡಾಂಬರಿನ ಮೇಲಿಟ್ಟು ಹಿಂದಕ್ಕೆ ತೆಗೆದ. ಹದಿನೆಂಟು ವರ್ಷಗಳಿಂದ ದಿನಕ್ಕೆ ನಾಲ್ಕು ಸಲ ಅವನು ಈ ರಸ್ತೆಯನ್ನು ದಾಟಿದ್ದಾನೆ. ಕಾಗದಪತ್ರ ಓದುತ್ತ ದಾಟಿದ್ದಾನೆ, ಮಾಲಕರು ಬೈದದ್ದನ್ನು ಮೆಲುಕು ಹಾಕುತ್ತ ದಾಟಿದ್ದಾನೆ. ಚೀಟಿಗೆ, ಚಿಲಕಕ್ಕೆ, ಮಂದಿಯ ನಗೆಗೆ ಅಂಜುವ ಅವನು, ಅವ್ವನ ಮಾಳದ ಧೈರ್ಯದಲ್ಲಿ, ಒಂದು ಸಲವೂ ಎಡಕ್ಕೆ ಬಲಕ್ಕೆ ನೋಡಿರಲಿಲ್ಲ. ಅದು ಅವನಿಗೆ ಈಗ, ಮಳೆಯಲ್ಲಿ ನಿಂತಾಗ ಗೊತ್ತಾಯಿತು. ಬಸ್ಸು ಹೋಯಿತು. ರಸ್ತೆ ಖಾಲಿಯಾಯಿತು. ಅವನು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ ನೋಡಿದ. ದೂರದಲ್ಲಿ ಇನ್ನೊಂದು ಲಾರಿಯ ದೀಪ ಕಂಡಿತು. ಪಕ್ಕದಲ್ಲಿ ನಿಂತಿದ್ದ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ನಡುರಸ್ತೆಗೆ ಇಳಿದು, ಹಿಂತಿರುಗಿ, "ಬಾರೋ ಯಪ್ಪಾ, ಇನ್ನೂ ದೂರ ಐತಿ ಅದು" ಎಂದಳು. ಅವನು ಬರುತ್ತೇನೆ ಎಂದು ತಲೆಯಾಡಿಸಿದ, ಮತ್ತು ಅಲ್ಲೇ ನಿಂತ.